ಟ್ರಂಕಿನಲ್ಲಿ ಉಳಿದ ಅರ್ಧ ಸ್ವೆಟರು

ಎರಡು ವರ್ಷದ ಹಿಂದಿನ ಚಳಿಗಾಲದ ಒಂದು ಸಂಜೆ. ಬೈಲಹೊಂಗಲದ ನನ್ನ ದವಾಖಾನೆಯ ಹೊರಗೆ ಕೆಮ್ಮು ನೆಗಡಿಯವರ ಸಾಲು. ಸವದತ್ತಿ ರಸ್ತೆಯ ಹಳ್ಳಿಯೊಂದರಿಂದ ಗಂಡ ಹೆಂಡತಿ ಬಂದಿದ್ದರು. ಸಕ್ಕರೆ ಕಾಯಿಲೆ ಇದ್ದುದು ಗಂಡನಿಗೆ. ಅವರ ರಕ್ತದ ವರದಿ ನೋಡಿ, ಗುಳಿಗೆ ಬರೆದು ಚೀಟಿ ಕೈಗೆ ಕೊಡುವಾಗ ಅವರು ಹೆಂಡತಿಯ ಕಡೆ ತಿರುಗಿ ನಕ್ಕರು.

"ಡಾಕ್ಟ್ರ, ನಮ್ಮ ಮನಿಯಾಕೀಗೂ ಒಂದ್ ಗುಳಿಗಿ ಬರೀರಿ. ಒಂದ್ ಟ್ರಂಕ್ ತುಂಬ ಅರ್ಧಾ ಕೆಲಸ ಇಟ್ಕೊಂಡ್ ಕುಂತಾಳ. ಒಂದೂ ಮುಗಸವಲ್ಲಳು. ಇದಕ್ಕೇನರ ಔಷಧ ಐತೇನ್ರಿ?"

ಕಂಪೌಂಡರ್ ನಕ್ಕ. ನಾನೂ ನಕ್ಕೆ. ಆಕೆ ನಗಲಿಲ್ಲ. ರಕ್ತದೊತ್ತಡ ನೋಡಿದೆ, ಸರಿಯಾಗಿತ್ತು. ಒಂದು ಟಾನಿಕ್ಕು ಬರೆದು, "ಅಕ್ಕಾರ, ಒಂದೊಂದ ಮುಗಸಕೋತ ಬರ್ರಿ" ಎಂದು ಉಪದೇಶವನ್ನೂ ಸೇರಿಸಿ ಕಳಿಸಿಬಿಟ್ಟೆ. ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದರು ಎಂಬುದು ನನ್ನ ಸಮಜಾಯಿಷಿ. ಆದರೆ ಆ ಸಂಜೆ ನಾನು ತಪ್ಪಿದ್ದೆ. ಅದು ಗೊತ್ತಾದದ್ದು ಮೂರು ತಿಂಗಳ ಮೇಲೆ.

ಅರ್ಧ ಕೆಲಸವೆಲ್ಲ ರೋಗವಲ್ಲ

ಓದುಗರು ಗಾಬರಿಯಾಗಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಅರ್ಧ ಹೆಣೆದ ಸ್ವೆಟರು, ಅರ್ಧ ಹೊಲಿದ ಕೌದಿ ಇದ್ದ ಮಾತ್ರಕ್ಕೆ ಯಾರೂ ರೋಗಿಗಳಲ್ಲ. ಹಾಗೆ ಹೇಳಹೊರಟರೆ ಕಿತ್ತೂರಿನಿಂದ ರಾಮದುರ್ಗದವರೆಗೆ ಒಂದು ಮನೆಯೂ ಉಳಿಯಲಿಕ್ಕಿಲ್ಲ!

ನಮ್ಮ ಕಡೆಯ ಕೈಕೆಲಸಗಳು ಹುಟ್ಟಿನಿಂದಲೇ ನಿಧಾನದವು. ಕೌದಿಯನ್ನೇ ನೋಡಿ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಎಳೆ ಹಾಕುತ್ತ ಹೋಗಬೇಕು. ಮಧ್ಯಾಹ್ನ ಪಾತ್ರೆ ಪಗಡ ಮುಗಿದ ಮೇಲೆ ಪಡಸಾಲೆಯಲ್ಲಿ ಓಣಿಯ ನಾಲ್ಕು ಜನ ಹೆಣ್ಣುಮಕ್ಕಳು ಸುತ್ತ ಕುಳಿತು, ಮಾತಾಡುತ್ತ, ಒಂದೊಂದು ಮಗ್ಗುಲಿನಿಂದ ಹೊಲಿಯುತ್ತಾರೆ. ಹತ್ತಿ ಬಿಡಿಸುವ ಕಾಲ ಬಂದರೆ ಸುತ್ತಿ ಇಡುತ್ತಾರೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವವರ ಊಟ ಉಪಚಾರದಲ್ಲಿ ಮತ್ತೆ ಕೆಲವು ದಿನ. ಯಾವಾಗ ಮುಗಿಯುತ್ತದೆ ಎಂದು ಕೌದಿಯನ್ನು ಯಾರೂ ಕೇಳುತ್ತಿರಲಿಲ್ಲ. ನನ್ನ ತಾಯಿಯ ಹತ್ತಿರ ಯಾವಾಗಲೂ ಒಂದು ಕೌದಿ ನಡೆದೇ ಇರುತ್ತಿತ್ತು. ಅದು ಮುಗಿದದ್ದು ಯಾವಾಗ, ಇನ್ನೊಂದು ಶುರುವಾದದ್ದು ಯಾವಾಗ ಎಂಬುದು ನಮಗೆ ಮಕ್ಕಳಿಗೆ ತಿಳಿಯುತ್ತಲೇ ಇರಲಿಲ್ಲ.

ಕಸೂತಿ ಇನ್ನೂ ಕಠಿಣ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಿಸಬೇಕು. ಗಾವಂತಿ ಹೊಲಿಗೆಯಲ್ಲಿ ದಾರ ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬುತ್ತದೆ, ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಒಂದು ಎಳೆ ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಇದರಲ್ಲಿ ತಡವಾಯಿತೆಂದು ದೂರುವವರು ಒಮ್ಮೆ ಸೂಜಿ ಹಿಡಿದು ನೋಡಬೇಕು.

ಉಲನ್ ಹೆಣಿಕೆಯವರಿಗಂತೂ ಇನ್ನೊಂದು ಸ್ವಭಾವ. ಹೊಸ ಬಣ್ಣದ ಉಂಡೆ ಕಂಡರೆ ಹಳೆಯದನ್ನು ಕಡ್ಡಿಸಮೇತ ಚೀಲಕ್ಕೆ ಹಾಕಿ ಹೊಸದನ್ನು ಶುರು ಮಾಡುತ್ತಾರೆ. ಕಿತ್ತೂರು ಉತ್ಸವದ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಗೆ, ಆರಂಭವಾದ ಸ್ವೆಟರಿಗೆ ಸಂಕ್ರಾಂತಿಯಾದರೂ ತೋಳು ಬಂದಿರುವುದಿಲ್ಲ. ಅಷ್ಟರಲ್ಲಿ ಬಿಸಿಲು ಬರುತ್ತದೆ. ಬಿಸಿಲಲ್ಲಿ ಉಲನ್ ಯಾರು ಮುಟ್ಟುತ್ತಾರೆ? ಇದು ರೋಗವಲ್ಲ, ಹವ್ಯಾಸ. ನಾನೂ ಮೂರು ಪುಸ್ತಕ ಅರ್ಧರ್ಧ ಓದಿ ಇಟ್ಟಿದ್ದೇನೆ.

ಹಾಗಾದರೆ ವೈದ್ಯನಿಗೆ ಇದರಲ್ಲೇನು ಕೆಲಸ? ಕೇಳಬೇಕಾದ ಪ್ರಶ್ನೆ ಒಂದೇ: ಈಕೆ ಮೊದಲಿನಿಂದಲೂ ಹೀಗೆಯೋ, ಅಥವಾ ಈಚೆಗೆ ಹೀಗಾದಳೋ? ಮೊದಲು ಹದಿನೈದು ದಿನಕ್ಕೆ ಕೂಸಿನ ಟೊಪ್ಪಿಗೆ ಸ್ವೆಟರು ಮುಗಿಸುತ್ತಿದ್ದ ಕೈ ಈಗ ಆರು ತಿಂಗಳಿಗೂ ಮುಗಿಸುತ್ತಿಲ್ಲ ಎಂದರೆ, ಅದನ್ನು ಸೋಮಾರಿತನ ಎನ್ನುವ ಮೊದಲು ಕಣ್ಣು, ರಕ್ತ, ನರ, ಮನಸ್ಸು ನಾಲ್ಕನ್ನೂ ನೋಡಬೇಕಾಗುತ್ತದೆ. ನಾನು ಆ ಸಂಜೆ ಕೇಳದೆ ಬಿಟ್ಟದ್ದು ಇದೇ ಪ್ರಶ್ನೆಯನ್ನು.

ಚಾಳೀಸು ಎಂದರೆ ನಲವತ್ತು

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರಷ್ಟೆ. ನಲವತ್ತು ಎಂಬ ಅರ್ಥದ ಮಾತು ಅದು. ನಲವತ್ತರ ಆಚೀಚೆ ಕಣ್ಣಿನೊಳಗಿನ ಮಸೂರ ಗಡುಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಶಕ್ತಿ ಕಡಿಮೆಯಾಗುತ್ತದೆ. ದೂರದ ಬಸ್ಸಿನ ಬೋರ್ಡು ಸ್ಪಷ್ಟವಾಗಿ ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಪತ್ರಿಕೆ ಓದುವ ಗಂಡಸರು ಕಾಗದವನ್ನು ದೂರ ದೂರ ಹಿಡಿದು ಕೊನೆಗೊಮ್ಮೆ ಚಾಳೀಸು ತರುತ್ತಾರೆ. ಹೆಣ್ಣುಮಕ್ಕಳು ಹಾಗಲ್ಲ. ಸೂಜಿ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಆಕೆ ಶಾಲೆಗೆ ಹೋಗಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದರಲ್ಲೂ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ರಾತ್ರಿ ದೀಪದಲ್ಲಿ ಎಳೆ ಎಣಿಸುವುದೆಂದರೆ ಎಳೆಯ ಕಣ್ಣಿಗೂ ಕಷ್ಟ.

ಹೀಗಾಗಿ ಬಿಟ್ಟ ಕಸೂತಿ ಎಷ್ಟೋ. "ಈಗ ಮನಸ್ಸಿಲ್ರಿ" ಎನ್ನುತ್ತಾರೆ. ಮನಸ್ಸಲ್ಲ, ಕಣ್ಣು. ಓದುವ ಚಾಳೀಸು ಹಾಕಿಕೊಟ್ಟರೆ ಮರುದಿನವೇ ಪೆಟ್ಟಿಗೆ ತೆರೆಯುತ್ತಾರೆ. ಆದರೆ ಜಾತ್ರೆಯ ಅಂಗಡಿಯಲ್ಲಿ ಸಿಕ್ಕ ಚಾಳೀಸು ಬೇಡ. ಒಮ್ಮೆ ಕಣ್ಣಿನ ಡಾಕ್ಟರರಿಗೆ ತೋರಿಸಿದರೆ ಮೋತಿಬಿಂದು ಇದ್ದರೂ, ಕಣ್ಣಿನ ಒಳಒತ್ತಡ ಹೆಚ್ಚಿದ್ದರೂ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಕೆಟ್ಟಿದ್ದರೂ ತಿಳಿಯುತ್ತದೆ.

ಇನ್ನು ರಕ್ತ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನರಿಗೆ ಇದು ಇದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೆಲವರಿಗೆ ಸ್ರಾವ ಅತಿಯಾಗುತ್ತದೆ. ಅದನ್ನು ಯಾರಿಗೂ ಹೇಳದೆ ಎರಡೆರಡು ವರ್ಷ ಕಳೆಯುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೂತರೆ ಏಳಲು ಬೇಸರ, ನಾಲ್ಕು ಸಾಲು ಹೆಣೆಯುವಷ್ಟರಲ್ಲಿ ತೂಕಡಿಕೆ.

ಥೈರಾಯ್ಡ್ ಗ್ರಂಥಿ ಮಂದವಾದರೂ ಮನುಷ್ಯ ಎಲ್ಲದರಲ್ಲೂ ನಿಧಾನವಾಗುತ್ತಾನೆ. ಮಾತು ನಿಧಾನ, ನಡಿಗೆ ನಿಧಾನ, ಹೊಟ್ಟೆಯೂ ನಿಧಾನ. ಎಲ್ಲರಿಗಿಂತ ಹೆಚ್ಚು ಚಳಿ, ಒಣ ಚರ್ಮ, ಉದುರುವ ಕೂದಲು, ದಪ್ಪನೆಯ ದನಿ, ಏರುವ ತೂಕ. ಟಿ.ಎಸ್.ಎಚ್. ಎಂಬ ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಸಣ್ಣ ಗುಳಿಗೆಯಿಂದ ಸರಿಯಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಇದರ ಜೊತೆಗೇ ನುಂಗಬಾರದು, ನಾಲ್ಕು ತಾಸು ಅಂತರವಿರಲಿ.

ಕೈಯ ತೊಂದರೆ ಬೇರೆ ರೀತಿಯದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ರಾತ್ರಿ ಎಚ್ಚರವಾಗಿ ಕೈ ಝಾಡಿಸಿದರೆ ಹಗುರಾಗುವುದು. ಮಣಿಕಟ್ಟಿನ ಇಕ್ಕಟ್ಟಾದ ಓಣಿಯಲ್ಲಿ ನರ ಸಿಕ್ಕಿಕೊಂಡಿರುವ ಲಕ್ಷಣ ಇದು. ಬೆಳಿಗ್ಗೆ ಇಪ್ಪತ್ತು ರೊಟ್ಟಿ ಬಡಿದ ಕೈಯೇ ಮಧ್ಯಾಹ್ನ ಹೆಣಿಕೆ ಕಡ್ಡಿ ಹಿಡಿಯುತ್ತದೆ ಎಂಬುದನ್ನು ಮರೆಯಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸುರಿತನದಲ್ಲಿ ಇದು ಹೆಚ್ಚು. ರಾತ್ರಿ ಮಣಿಕಟ್ಟು ನೇರವಾಗಿರುವಂತೆ ಪಟ್ಟಿ ಕಟ್ಟಿಕೊಂಡು ಮಲಗಿದರೆ ಬಹಳಷ್ಟು ಜನರಿಗೆ ಆರಾಮ ಸಿಗುತ್ತದೆ. ಹೆಬ್ಬೆರಳಿನ ಬುಡದ ದಪ್ಪ ಮಾಂಸ ಬಾಡತೊಡಗಿದರೆ ಮಾತ್ರ ತಡ ಮಾಡಬಾರದು.

ವಯಸ್ಸಾದವರಲ್ಲಿ ಇನ್ನೆರಡು ಮಾತು. ಒಂದೇ ಕೈ ನಡುಗುತ್ತ, ಅಕ್ಷರ ಸಣ್ಣದಾಗುತ್ತ, ನಡಿಗೆ ಕುಗ್ಗುತ್ತ ಬಂದರೆ ಪಾರ್ಕಿನ್ಸನ್ ಕಾಯಿಲೆಯ ಸಂಶಯ ಪಡಬೇಕು. ನಲವತ್ತು ವರ್ಷ ಹಾಕಿದ ನಕ್ಷೆಯೇ ಮರೆತುಹೋಗಿ, ಹೇಳಿಕೊಟ್ಟರೂ ತಲೆಗೆ ಹೋಗದಿದ್ದರೆ ಮರೆವಿನ ಕಾಯಿಲೆ ಇರಬಹುದು. ಇವೆರಡಕ್ಕೂ ನರರೋಗ ತಜ್ಞರನ್ನೇ ಕಾಣಬೇಕು.

"ಯಾರೂ ಕೇಳಿದ್ದಿಲ್ಲ"

ಈಗ ಆ ಅಕ್ಕನ ಕಡೆ ಬರೋಣ. ಮೂರು ತಿಂಗಳ ಮೇಲೆ ಆಕೆ ಮತ್ತೆ ಬಂದರು. ಈ ಸಲ ಕರೆತಂದದ್ದು ರಾಮದುರ್ಗಕ್ಕೆ ಕೊಟ್ಟ ತಂಗಿ, ನೇಕಾರರ ಮನೆಯ ಸೊಸೆ. ಕೈಯಲ್ಲಿ ಒಂದು ದೊಡ್ಡ ಚೀಲ. ನಾನು ಕೇಳುವ ಮೊದಲೇ ಚೀಲದಲ್ಲಿದ್ದದ್ದನ್ನು ಮೇಜಿನ ಮೇಲೆ ಸುರಿದಳು. ಒಂದು ತೋಳಿಲ್ಲದ ಕೂಸಿನ ಸ್ವೆಟರು, ಅದೇ ಅಳತೆಯ ಇನ್ನೆರಡು ಸ್ವೆಟರುಗಳ ಬೆನ್ನು ಮಾತ್ರ, ಬಾಗಿಲಿಗೆ ಕಟ್ಟುವ ಕ್ರೋಶಾ ತೋರಣದ ಒಂದು ಗೇಣು, ಗೋಪುರ ಅರ್ಧಕ್ಕೆ ನಿಂತ ಸೆರಗು.

"ನಮ್ಮಕ್ಕ ಹಿಂಗ ಇದ್ದಾಕಿ ಅಲ್ರಿ ಡಾಕ್ಟ್ರ. ಓಣ್ಯಾಗ ಎಲ್ಲಾರ ಕೂಸಿಗೂ ಟೊಪ್ಪಿಗಿ ಹಾಕಿ ಕೊಡಾಕಿ. ನಮ್ಮನ್ಯಾಗ ಮಗ್ಗದ ಮ್ಯಾಲೆ ಕೈ ನಿಂತ್ರ ಅವತ್ತ ಗೊತ್ತಾಗ್ತೇತಿ, ವಾರದ ಪಗಾರ ಕಡಿಮಿ ಬರ್ತೇತಿ. ಇಕೀ ಕೈ ನಿಂತದ್ದ ಯಾರಿಗೂ ಗೊತ್ತ ಆಗಿಲ್ರಿ."

ಇಷ್ಟು ಚೆನ್ನಾಗಿ ರೋಗಿಯ ವೃತ್ತಾಂತ ಹೇಳುವವರು ಅಪರೂಪ. ತಂಗಿಯನ್ನು ಹೊರಗೆ ಕೂಡಿಸಿ ಆಕೆಯನ್ನು ಮಾತಾಡಿಸಿದೆ. ಸ್ವೆಟರು ಶುರುವಾದದ್ದು ಮೊಮ್ಮಗ ಹುಟ್ಟುವ ಮೊದಲು. ಆತ ಈಗ ಅಂಗನವಾಡಿಗೆ ಹೋಗುತ್ತಾನೆ.

"ತೋಳಿಗೆ ನೀಲಿ ಹಾಕ್ಲ್ಯೋ ಹಳದಿ ಹಾಕ್ಲ್ಯೋ ತಿಳಿವಲ್ದ್ರಿ. ನೀಲಿ ಹಾಕ್ತೇನಿ, ಬಿಚ್ಚತೇನಿ. ಹಳದಿ ಹಾಕ್ತೇನಿ, ಬಿಚ್ಚತೇನಿ. ಹೊಸಾದ ಹಿಡದ್ರ ಮನಸ್ಸು ಬಂದೀತು ಅಂತ ಹೊಸಾದ ಹಿಡೀತೇನಿ. ಈಗೀಗ ಮುಂಜಾನೆ ಪಲ್ಯಾ ಯಾವ್ದು ಮಾಡ್ಲಿ ಅನ್ನೂದೂ ತಿಳಿವಲ್ದು."

ರಾತ್ರಿ ಮೂರಕ್ಕೇ ಎಚ್ಚರ. ಊಟ ಸೇರದು. ಹಬ್ಬ ಬಂದರೂ ಒಂದೇ, ಹೋದರೂ ಒಂದೇ. ಈ ಸ್ಥಿತಿ ಐದಾರು ತಿಂಗಳಿಂದ. ನಾನು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದೆ: "ಅಕ್ಕಾರ, ಬದುಕೂದ ಬ್ಯಾಡ ಅಂತ ಅನಸ್ತೇತೇನ್ರಿ?" ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಹಳ ಹೊತ್ತು ಸುಮ್ಮನಿದ್ದರು. "ಅನಸ್ತೇತ್ರಿ. ಯಾರೂ ಕೇಳಿದ್ದಿಲ್ಲ" ಎಂದರು.

ಈ ಪ್ರಶ್ನೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಕೇಳಿದರೆ ಭಾರ ಇಳಿಯುತ್ತದೆ, ಚಿಕಿತ್ಸೆಯ ದಾರಿಯೂ ತೆರೆಯುತ್ತದೆ.

ಖಿನ್ನತೆ ಎಂದರೆ ಅಳುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಏಕಾಗ್ರತೆ ಇಲ್ಲದಿರುವುದು, ಸಣ್ಣ ವಿಷಯದಲ್ಲೂ ನಿರ್ಧಾರಕ್ಕೆ ಬರಲಾಗದಿರುವುದು ಕೂಡ ಖಿನ್ನತೆಯ ಲಕ್ಷಣವೆಂದು ವೈದ್ಯಗ್ರಂಥಗಳಲ್ಲೇ ಇದೆ. ಎರಡು ವಾರ ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿದ್ದರೆ, ಅಥವಾ ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದ್ದರೆ ಪರೀಕ್ಷೆ ಮಾಡಿಸಲೇಬೇಕು. ನೀಲಿಯೋ ಹಳದಿಯೋ ಎಂದು ಒಂದು ಸಂಜೆ ಗೊಂದಲವಾದರೆ ಅದು ಸಹಜ. ಎಲ್ಲದರಲ್ಲೂ, ತಿಂಗಳುಗಟ್ಟಲೆ ಹಾಗಾದರೆ ಸಹಜವಲ್ಲ. ಇಂಥವರಿಗೆ "ಮನಸ್ಸು ಗಟ್ಟಿ ಮಾಡ್ಕೋ", "ಮೈಗಳ್ಳಿ" ಎನ್ನುವುದು ಕಾಲು ಮುರಿದವನಿಗೆ ಓಡು ಎಂದ ಹಾಗೆ. ನನ್ನ ಉಪದೇಶವೂ ಅದೇ ಜಾತಿಯದಾಗಿತ್ತು.

ಆಕೆಯ ರಕ್ತವನ್ನೂ ನೋಡಿದೆ. ಹಿಮೋಗ್ಲೋಬಿನ್ 8.6. ಎರಡು ವರ್ಷದಿಂದ ಮುಟ್ಟಿನಲ್ಲಿ ಅತಿಸ್ರಾವ. ಹೀಗೆ ದೇಹದ್ದು, ಮನಸ್ಸಿನದು ಎರಡೂ ಕೂಡಿಯೇ ಇರುವುದುಂಟು. ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡಬಾರದು. ಸ್ತ್ರೀರೋಗ ತಜ್ಞರ ಬಳಿ ಕಳಿಸಿ, ಕಬ್ಬಿಣದ ಗುಳಿಗೆ ಆರಂಭಿಸಿ, ಆ ವಾರವೇ ಮನೋವೈದ್ಯರಿಗೂ ತೋರಿಸಿದೆವು. ಒಂಟಿಯಾಗಿ ಬಿಡಬಾರದೆಂದು ತಂಗಿ ಹದಿನೈದು ದಿನ ಅಕ್ಕನ ಮನೆಯಲ್ಲೇ ಉಳಿದಳು.

ಖಿನ್ನತೆಯ ಗುಳಿಗೆಗಳ ಬಗ್ಗೆ ನಮ್ಮಲ್ಲಿ ದೊಡ್ಡ ಭಯ. ಅವು ನಿದ್ದೆಗುಳಿಗೆಗಳಲ್ಲ, ಚಟ ಹಿಡಿಸುವಂಥವೂ ಅಲ್ಲ. ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ "ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು. ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಆಕೆಯ ಅತ್ತೆ ಗುಡ್ಡಕ್ಕೆ ಹರಕೆ ಹೊತ್ತಿದ್ದರು. ಹೋಗಿಬನ್ನಿ, ಗುಳಿಗೆ ಮಾತ್ರ ಚೀಲದಲ್ಲಿ ಇಟ್ಟುಕೊಂಡು ಹೋಗಿ ಎಂದೆ. ಹೋಗಿಬಂದರು.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ: ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕಿತ್ತೂರು ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ, ಬೆಳಗಾವಿಯ ಜಿಲ್ಲಾ ಆಸ್ಪತ್ರೆಯೂ ಇದೆ. ಹೊರಗೆ ಹೋಗಲಾಗದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಫೋನ್ ಮಾಡಬಹುದು. ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಬೇಕಿಲ್ಲ.

ಟ್ರಂಕನ್ನು ಏನು ಮಾಡುವುದು?

ಹೆಣಿಕೆ ಬಿಡಿಸಬೇಕೇ ಎಂದು ಗಂಡ ಕೇಳಿದರು. ಖಂಡಿತ ಬೇಡ. 2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 3,545 ಹೆಣಿಕೆಗಾರರ ಸಮೀಕ್ಷೆ ಪ್ರಕಟವಾಗಿತ್ತು. ವಾರದಲ್ಲಿ ಹೆಚ್ಚು ಸಲ ಹೆಣೆಯುವವರು ಮನಸ್ಸು ಶಾಂತವಾಗುತ್ತದೆ, ಹಿತವಾಗುತ್ತದೆ ಎಂದು ಹೆಚ್ಚಾಗಿ ಹೇಳಿದ್ದರು. ಹೆಣಿಕೆಯವರನ್ನೇ ಕೇಳಿದರೆ ಹೆಣಿಕೆಯನ್ನು ಹೊಗಳದೆ ಇನ್ನೇನು ಎಂದು ನೀವು ಕೇಳಬಹುದು. ಆ ಆಕ್ಷೇಪ ಸರಿಯೇ. ಅದು ಔಷಧಕ್ಕೆ ಬದಲಿಯೂ ಅಲ್ಲ. ಆದರೂ ಕೈಗೆ ಒಂದೇ ಲಯದ ಕೆಲಸ ಕೊಟ್ಟರೆ ಮನಸ್ಸು ಸ್ವಲ್ಪ ನಿಲ್ಲುತ್ತದೆ ಎಂಬುದು ಕೌದಿ ಹೊಲಿಯುವ ಯಾವ ಅಜ್ಜಿಗೂ ಗೊತ್ತು.

ಮನೋವೈದ್ಯರು ಹೇಳಿದ ಉಪಾಯ ಸರಳವಾಗಿತ್ತು. ಟ್ರಂಕಿನಿಂದ ಒಂದನ್ನು ಮಾತ್ರ ಹೊರಗಿಡುವುದು, ಉಳಿದದ್ದಕ್ಕೆ ಬೀಗ. ಯಾವುದನ್ನು ಇಡಬೇಕೆಂದು ಆರಿಸುವ ಭಾರ ಆಕೆಯ ಮೇಲೆ ಬೇಡ, ತಂಗಿಯೇ ಆರಿಸಲಿ. ದಿನಕ್ಕೆ ಎರಡೇ ಸಾಲು, ಮನಸ್ಸು ಬಂದರೂ ಬಾರದಿದ್ದರೂ. ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯುತ್ತ ಕೂತರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಬಿಚ್ಚಬೇಕೆನಿಸಿದರೆ ಒಂದು ರಾತ್ರಿ ಬಿಟ್ಟು ಮರುದಿನ ನೋಡುವುದು. ಮೊಮ್ಮಗನಿಗೆ ಸಣ್ಣದಾದ ಸ್ವೆಟರನ್ನು ಮುಗಿಸಲೇಬೇಕೆಂಬ ಹಟವೂ ಬೇಡ. ಬಿಚ್ಚಿ ಉಂಡೆ ಸುತ್ತಿಟ್ಟರೂ ನಷ್ಟವಿಲ್ಲ.

ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಅರ್ಧ ಹೊಲಿದ ಕೌದಿಯನ್ನು ಸುತ್ತಿಡುವಾಗ ಸೂಜಿಯನ್ನು ಅದರಲ್ಲೇ ಬಿಡಬೇಡಿ. ಅದೇ ಕೌದಿಯ ಮೇಲೆ ಕೂಸು ಮಲಗುತ್ತದೆ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಹೋದವರಂತೂ ಸೂಜಿ ತುಳಿದರೂ ತಿಳಿಯದೆ ಓಡಾಡುತ್ತಾರೆ. ಕಾಲು ಬಾತು ಕೀವಾದ ಮೇಲೆ ಎಕ್ಸ್‌ರೇಯಲ್ಲಿ ಮುರಿದ ಸೂಜಿ ಕಂಡದ್ದನ್ನು ನಾನೇ ನೋಡಿದ್ದೇನೆ. ಸೂಜಿಗೊಂದು ಡಬ್ಬಿ ಇರಲಿ, ಎದ್ದಾಗ ಎಣಿಸಿ ಇಡಿ. ಬೆಳಕು ಹಗಲಿನದೇ ಒಳ್ಳೆಯದು. ಅರ್ಧ ತಾಸಿಗೊಮ್ಮೆ ಎದ್ದು ಕುತ್ತಿಗೆ ತಿರುಗಿಸಿ, ದೂರದ ಮರ ನೋಡಿ, ಮುಷ್ಟಿ ಬಿಚ್ಚಿ ಮಡಚಿ ಮಾಡಿ.

ತಂಗಿ ಆರಿಸಿದ್ದು ಬಾಗಿಲ ತೋರಣವನ್ನು. ಅದರಲ್ಲಿ ಬಣ್ಣದ ತಂಟೆಯೇ ಇಲ್ಲ, ಬರೀ ಬಿಳಿ ದಾರ. ಐದನೆಯ ವಾರದಲ್ಲಿ ಆಕೆ ತಾವಾಗಿಯೇ ನನಗೆ ಹೇಳಿದ ಮೊದಲ ಸುದ್ದಿ ನಿದ್ದೆಯದು, ಈಗ ಐದು ಗಂಟೆಯವರೆಗೆ ನಿದ್ದೆ ಬರುತ್ತಿದೆ ಎಂದು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 11 ದಾಟಿತು. ಗುಳಿಗೆಗಳು ಒಂದು ವರ್ಷ ನಡೆದವು.

ಕಳೆದ ತಿಂಗಳು ಗಂಡನ ಸಕ್ಕರೆ ತಪಾಸಣೆಗೆಂದು ಇಬ್ಬರೂ ಬಂದಿದ್ದರು. ಟ್ರಂಕಿನ ಸಮಾಚಾರ ಕೇಳಿದೆ. ತೋರಣ ಮುಗಿದು ಬಾಗಿಲಿಗೆ ಬಂದಿದೆ. ಸೆರಗು ತಂಗಿಯ ಮಗಳ ಕೈಗೆ ಹೋಗಿದೆ. ಸ್ವೆಟರಿಗೆ ಇನ್ನೂ ತೋಳು ಬಂದಿಲ್ಲ. "ಅದೇನ್ ಅವಸರ ಐತ್ರಿ, ಎರಡನೇ ಮೊಮ್ಮಗಾ ಬರಲಿ" ಎಂದು ಆಕೆ ನಕ್ಕರು. ಗಂಡನ ಸಕ್ಕರೆ ಮಾತ್ರ 240ಕ್ಕೆ ಏರಿತ್ತು. ಅವರಿಗೆ ಮೂರು ವಾರ ಬಿಟ್ಟು ಬರಲು ಹೇಳಿದ್ದೇನೆ.